ಪಹಣಿ ಇಲ್ಲದವರ ಬಿಸಿಲು

ಸೋಲಾರ್ ಅಂದರೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಇಷ್ಟ. ಹೊಗೆ ಇಲ್ಲ, ಧೂಳಿಲ್ಲ, ಜೊತೆಗೆ ಸಾವಿರಾರು ಕೆಲಸ ಹುಟ್ಟುತ್ತೆ ಅಂತಾರೆ. ನಾನೂ ಅದರ ಪರವೇ. ನಮ್ಮೂರು ಸಂಡೂರು ತಾಲ್ಲೂಕಿನ ಚೋರನೂರು. ಗಣಿಯ ಕೆಂಧೂಳು ಕಂಡವರಿಗೆ ಸ್ವಚ್ಛ ವಿದ್ಯುತ್ತಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ: ಆ ಕೆಲಸ ಯಾರಿಗೆ ಸಿಗಬೇಕು?

ಪಾವಗಡವನ್ನೇ ನೋಡಿ. ತುಮಕೂರು ಜಿಲ್ಲೆಯ ಈ ಬರದ ತಾಲ್ಲೂಕಿನಲ್ಲಿ, ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಒಳ್ಳೆಯದನ್ನು ಮೊದಲು ಹೇಳ್ತೀನಿ. ಅಲ್ಲಿ ಜಮೀನು ಸ್ವಾಧೀನ ಮಾಡಿಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ.

ಆದರೆ ಆ ದುಡ್ಡು ಹೋಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು, ಬೀಳುಭೂಮಿಯಲ್ಲಿ ಕುರಿ ಮೇಯಿಸಿ ಬದುಕಿದವರಿಗೆ ಪಹಣಿ ಎಲ್ಲಿಂದ ಬರಬೇಕು? ಪಾರ್ಕ್ ಕಟ್ಟುವಾಗ ಕೂಲಿ ಇರುತ್ತೆ. ಕಟ್ಟಿ ಮುಗಿದ ಮೇಲೆ ಉಳಿಯೋದು ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು, ಕಾವಲು ಕಾಯೋದು. ಹೊಲಕ್ಕೆ ಪ್ರತಿ ಹಂಗಾಮಿನಲ್ಲೂ ಹತ್ತಾರು ಕೈ ಬೇಕು, ಪ್ಯಾನೆಲ್ಲಿಗೆ ಬೇಡ. ಇದನ್ನೇ ನಮ್ಮ ವೃತ್ತಿಯವರು ಎಫಿಶಿಯೆನ್ಸಿ ಅಂತ ಹೊಗಳೋದು.

"ಯಾವ ಪ್ರಾಜೆಕ್ಟ್ ಬಂದರೂ ಹೀಗೇ ಕಣೋ, ಒಟ್ಟಿನಲ್ಲಿ ಊರಿಗೆ, ದೇಶಕ್ಕೆ ಒಳ್ಳೇದಲ್ವಾ?" ಅಂತ ಗೆಳೆಯರು ಕೇಳ್ತಾರೆ. ಒಳ್ಳೆಯದೇ. ಆದರೆ ಸರಿಯಾದ ನಿರ್ಧಾರಕ್ಕೂ ಒಂದು ಖರ್ಚಿರುತ್ತೆ. ಅದನ್ನು ಯಾರು ತುಂಬಬೇಕು ಅನ್ನೋದು ಬೇರೆಯೇ ಪ್ರಶ್ನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು. ಆದರೆ ಅದಿರು ಲೂಟಿ ಮಾಡಿದವರ ಜೊತೆಗೆ, ಲೂಟಿಯಲ್ಲಿ ಪಾಲೇ ಇಲ್ಲದ ಲಾರಿ ಕ್ಲೀನರುಗಳ, ದಿನಗೂಲಿಯವರ ಅನ್ನವೂ ನಿಂತಿತು. ಲೂಟಿ ಮಾಡಿದವರ ಹತ್ತಿರ ಕೂಡಿಟ್ಟದ್ದಿತ್ತು, ಇವರ ಹತ್ತಿರ ಇರಲಿಲ್ಲ.

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲೂ ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸದಲ್ಲಿ ಲ್ಯಾಟಿನೋ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೆಲಸ ಎಷ್ಟು ಅಂತ ಎಣಿಸಿದರೆ ಸಾಲದು, ಎಷ್ಟು ಕಾಲದ್ದು, ಮೇಲೇರಲು ದಾರಿ ಇದೆಯಾ ಅಂತಲೂ ಕೇಳಬೇಕು.

ನನ್ನ ಪ್ರಕಾರ ಭೂಮಿಯ ಮೇಲೆ ಹಕ್ಕು ಕಾಗದದಿಂದ ಮಾತ್ರ ಹುಟ್ಟೋದಿಲ್ಲ, ದುಡಿಮೆಯಿಂದಲೂ ಹುಟ್ಟುತ್ತೆ. ಹಾಗಾಗಿ ಭೂಮಿ ಇಲ್ಲದವರಿಗೆ ಕೊಡೋದು ದಾನವಲ್ಲ, ಪಾಲು. ಯೋಜನೆಯ ಆದಾಯದಲ್ಲಿ ಆ ಮನೆಗಳಿಗೂ ಒಂದಂಶ ಇರಲಿ. ನಿರ್ವಹಣೆಯ ಕೆಲಸ ಮೊದಲು ಆ ಊರಿನ ಐಟಿಐ ಓದಿದ ಹುಡುಗ ಹುಡುಗಿಯರಿಗೆ ಸಿಗಲಿ. ಪ್ಯಾನೆಲ್ ಸಾಲುಗಳ ನಡುವೆ ಕುರಿ ಬಿಡಲಿ. ಬೇರೆ ದೇಶಗಳಲ್ಲಿ ಹುಲ್ಲಿನ ಹತೋಟಿಗೆ ಬಿಡ್ತಾರೆ, ನಮ್ಮ ಕುರಿಗಾಹಿಗಳಿಗೆ ಯಾಕೆ ಬೇಲಿ?

ಇನ್ನು ಮೇಲೆ ಯಾರಾದರೂ "ಇಷ್ಟು ಸಾವಿರ ಹಸಿರು ಉದ್ಯೋಗ" ಅಂದಾಗ ಚಪ್ಪಾಳೆ ತಟ್ಟೋಣ. ತಟ್ಟಿ, ಯಾರಿಗೆ, ಎಷ್ಟು ವರ್ಷಕ್ಕೆ ಅಂತಲೂ ಕೇಳೋಣ. ಆ ಕರೆಂಟಿನಲ್ಲಿ ಕೆಲಸ ಮಾಡುವ ನಾವು ಅಷ್ಟಾದರೂ ಕೇಳಬೇಕು.