ಗಡಿಯಾಚೆ ಬಿದ್ದ ಪುದ್ಗಲ

ದೇಶವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯದು ಪುದ್ಗಲಕ್ಷೇಪ. ಇಷ್ಟು ಕಾಲ ಈ ಎಲ್ಲೆಯನ್ನು ದಾಟೆನೆಂದು ನಿಯಮ ತೊಟ್ಟ ಶ್ರಾವಕನು, ತಾನು ಎಲ್ಲೆಯೊಳಗೇ ನಿಂತು, ಹೊರಗಿನವರ ಗಮನ ಸೆಳೆಯಲು ಕಲ್ಲನ್ನೆಸೆದರೆ ವ್ರತಕ್ಕೆ ಮಾಲಿನ್ಯ ತಟ್ಟುವುದೆಂಬುದು ವ್ಯಾಖ್ಯಾನಕಾರರ ವಿವರಣೆ. ಕಾಲು ದಾಟಲಿಲ್ಲ, ಕಲ್ಲು ದಾಟಿತು, ಆದರೂ ದೋಷ. ಹಾಗಾದರೆ ಯಾವ ಉದ್ದೇಶವೂ ಇಲ್ಲದೆ ಮನೆಯಿಂದ ಹೊರಬಿದ್ದ ವಸ್ತುವು ಎಲ್ಲೆಯಾಚೆ ಜೀವಹಾನಿ ಮಾಡಿದರೆ? ಬಾಳೆಲೆ, ಮಣ್ಣಿನ ಕುಡಿಕೆಗಳ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಇಂದು ಅದನ್ನು ಎಬ್ಬಿಸಿರುವುದು ಸಮುದ್ರದ ಹವಳ.

ಮೂಲಾಚಾರವು ಪ್ರವಾಳವನ್ನು ಪೃಥ್ವೀಕಾಯದ ಭೇದಗಳಲ್ಲಿ ಎಣಿಸಿದೆ. ಇಂದಿನ ಜೀವಶಾಸ್ತ್ರವಾದರೋ ಹವಳವನ್ನು ಪ್ರಾಣಿಯೆನ್ನುತ್ತದೆ. ಪಾಲಿಪ್ ಎಂಬ ಮೆತ್ತನೆಯ ಕಿರುಜೀವಿಗಳು ಗುಂಪಾಗಿ ನೆಲೆಸಿ ತಮ್ಮಡಿಯಲ್ಲಿ ಸುಣ್ಣದ ಗೂಡು ಕಟ್ಟುತ್ತವೆ. ದಿಬ್ಬ ಕಟ್ಟುವ ಹವಳಗಳ ಒಡಲಲ್ಲಿರುವ ಪಾಚಿಯು ಬಿಸಿಲಿನಿಂದ ಆಹಾರ ಸಿದ್ಧಪಡಿಸಿ ಅವುಗಳಿಗೆ ಉಣಿಸುತ್ತದೆ. ಸ್ಥಾವರವೋ ತ್ರಸವೋ ಎಂಬ ಚರ್ಚೆಯನ್ನು ವಿದ್ವಾಂಸರು ನಡೆಸಲಿ. ಸ್ಥಾವರಹಿಂಸೆಯನ್ನೂ ನಿಷ್ಪ್ರಯೋಜನವಾಗಿ ಮಾಡಬಾರದೆಂಬುದರಲ್ಲಿ ಎರಡು ಮಾತಿಲ್ಲ.

ಈ ಜೀವಿಗಳಿಗೂ ರೋಗವುಂಟು. ಕಪ್ಪುಪಟ್ಟಿ ರೋಗದಲ್ಲಿ ಕರಿಯ ಗೆರೆಯೊಂದು ದಿನಕ್ಕೆ ಕೆಲವು ಮಿಲಿಮೀಟರಿನಷ್ಟು ಸರಿಯುತ್ತ, ಹಿಂದೆ ಬರಿಯ ಬಿಳಿಯ ಅಸ್ಥಿಯನ್ನು ಬಿಟ್ಟುಹೋಗುತ್ತದೆ. 2014ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಮತ್ತೊಂದು ರೋಗ ಕೆರಿಬಿಯನ್ ಸಮುದ್ರಕ್ಕೂ ಹರಡಿತು. ಏಷ್ಯಾ-ಪೆಸಿಫಿಕ್ ವಲಯದ 159 ದಿಬ್ಬಗಳಲ್ಲಿ 1,24,000ಕ್ಕೂ ಹೆಚ್ಚು ಹವಳಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು ಹೇಳುವುದು ಇಷ್ಟು: ಪ್ಲಾಸ್ಟಿಕ್ ತಗುಲದ ಹವಳಕ್ಕೆ ರೋಗದ ಸಂಭವ ಶೇಕಡಾ 4, ತಗುಲಿದ್ದಕ್ಕೆ ಶೇಕಡಾ 89. ಪ್ಲಾಸ್ಟಿಕ್ಕು ಬೆಳಕನ್ನು ತಡೆಯುತ್ತದೆ, ಮೈಯನ್ನು ಗೀರುತ್ತದೆ, ಗಾಯದಲ್ಲಿ ರೋಗಾಣುವಿಗೆ ಎಡೆಮಾಡುತ್ತದೆ. ಮೇಲಾಗಿ ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೂ ಹವಳವು ಪಾಚಿಯನ್ನು ಹೊರದೂಡಿ ಬಿಳಿಚುತ್ತದೆ, ಸೊರಗಿ ರೋಗಕ್ಕೆ ತುತ್ತಾಗುತ್ತದೆ.

ಇದು ದೂರದ ಮಾತೇನೂ ಅಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಲಕ್ಷದ್ವೀಪವಂತೂ ಹವಳದಿಂದಲೇ ಆದ ನೆಲ. ಅದರ ಅಮಿನಿದಿವಿ ದ್ವೀಪಗಳು 1956ರವರೆಗೆ ಉಡುಪಿ, ಕಾರ್ಕಳಗಳಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಅಲ್ಲಿನ ಹವಳ 1998, 2010, 2016, 2024ರಲ್ಲಿ ಬಿಳಿಚಿತು. ಅಲೆಯ ಹೊಡೆತವನ್ನು ತಡೆಯುವ ಗೋಡೆಯೇ ಆ ದಿಬ್ಬ. ಅದು ಸತ್ತು ಸವೆದರೆ ದಡದ ಮನೆ, ತೆಂಗಿನ ತೋಟ, ಕುಡಿಯುವ ನೀರಿನ ಬಾವಿಗಳಿಗೆ ಕಾವಲಿಲ್ಲ.

ಮೀನುಗಾರಿಕೆಯೇ ಹಿಂಸೆಯಾಗಿರುವಾಗ ದಿಬ್ಬ ನಶಿಸಿದರೆ ಶ್ರಾವಕನಿಗೇನು ಎನ್ನುವವರಿದ್ದಾರೆ. ದಯೆಯು ವೃತ್ತಿಯನ್ನು ಕೇಳಿ ಹುಟ್ಟುವಂಥದಲ್ಲ. ದಿಬ್ಬದ ಮರಣದಲ್ಲಿ ಅದನ್ನಾಶ್ರಯಿಸಿದ ಅಸಂಖ್ಯ ತ್ರಸಜೀವಿಗಳ ಮರಣವೂ ಸೇರಿದೆ. ಉದ್ದೇಶವಿಲ್ಲದಲ್ಲಿ ಹಿಂಸೆಯಿಲ್ಲ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಆದರೆ ಹಿಂಸೆಯ ಲಕ್ಷಣದಲ್ಲಿ ಸೂತ್ರಕಾರರು ಇಟ್ಟದ್ದು ಪ್ರಮಾದವನ್ನು. ಸಮಂತಭದ್ರಾಚಾರ್ಯರೂ ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸಿದ್ದಾರೆ. ತಿಳಿಯದೆ ಎಸೆದವನದು ಅಜ್ಞಾನ. ತಿಳಿದ ಮೇಲೂ ಎಸೆಯುವವನಿಗೆ ಪ್ರಮಾದವಲ್ಲದೆ ಬೇರೆ ಹೆಸರಿಲ್ಲ. ಪುದ್ಗಲಕ್ಷೇಪದ ಅರ್ಥವನ್ನು ಇಷ್ಟು ಹಿಗ್ಗಿಸುವುದು ವ್ಯಾಖ್ಯಾನಕಾರರ ಮಾತಿಗಿಂತ ಮುಂದೆ ಹೋಗುವುದು, ನಿಜ. ಆದರೆ ವ್ರತದ ಆಶಯಕ್ಕೆ ಅದು ಹೊರಗಲ್ಲ.

ಕಾರ್ಕಳದ ಶ್ರಾವಕನೊಬ್ಬ ಚತುರ್ದಶಿಯಂದು ಉಪವಾಸವಿದ್ದು, ಊರಿನ ಎಲ್ಲೆ ದಾಟದೆ ಬಸದಿಯಲ್ಲಿ ದಿನ ಕಳೆಯುತ್ತಾನೆನ್ನೋಣ. ಮರುದಿನ ಸಾಧರ್ಮಿಕರೊಡನೆ ಪಾರಣೆ. ಬಡಿಸಿದ ಪ್ಲಾಸ್ಟಿಕ್ ತಟ್ಟೆ, ಲೋಟಗಳು ಹಿತ್ತಿಲ ಆಚೆಯ ತೋಡಿಗೆ ಬೀಳುತ್ತವೆ. ಮಳೆ ಬಂದರೆ ತೋಡು ಸ್ವರ್ಣಾ ನದಿಗೆ, ಸ್ವರ್ಣೆಯು ಕೋಡಿಬೆಂಗ್ರೆಯ ಬಳಿ ಸೀತಾನದಿಯೊಡನೆ ಕಡಲಿಗೆ. ಅಲ್ಲಿಂದ ಮುಂದೆ ಯಾವ ಲೋಟ ಯಾವ ಹವಳದ ಮೇಲೆ ಕುಳಿತಿತೆಂದು ಯಾರೂ ತೋರಿಸಲಾರರು.