ಎರಡನೆಯ ಹುಟ್ಟು

ಮನುಷ್ಯನ ಹುಟ್ಟು ಅವನ ಕೈಯಲ್ಲಿಲ್ಲ. ಹುಟ್ಟಿದ ಮೇಲೆ ಏನಾಗಬೇಕೆಂಬುದು ಅವನ ಕೈಯಲ್ಲಿ ಉಂಟೆ? ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ, ಅಮೆರಿಕಾದ ಪೂರ್ವತೀರದ ಇಂಗ್ಲಿಷ್ ವಸಾಹತುಗಳಲ್ಲಿ ಈ ಪ್ರಶ್ನೆಗೆ ಏಕಕಾಲದಲ್ಲಿ ಎರಡು ಉತ್ತರಗಳು ದೊರೆತುವು. ಒಂದು ಭಕ್ತಿಯಿಂದ ಬಂದುದು, ಇನ್ನೊಂದು ಬುದ್ಧಿಯಿಂದ ಬಂದುದು. ಒಂದನ್ನೊಂದು ಸಂಶಯದಿಂದ ನೋಡುತ್ತಿದ್ದ ಈ ಎರಡೂ, ತಂದೆಯ ಅಂತಸ್ತು ಮಗನ ಬೆಲೆಯನ್ನು ಗೊತ್ತುಮಾಡಲಾರದೆಂಬಲ್ಲಿ ಮಾತ್ರ ಒಂದಾದುವು.

ಅಂತಸ್ತೆಂಬುದು ಆ ಕಾಲದ ನ್ಯೂ ಇಂಗ್ಲೆಂಡಿನಲ್ಲಿ ಕಣ್ಣಿಗೆ ಕಾಣುವ ವಸ್ತುವಾಗಿದ್ದಿತು. ಪ್ರಾರ್ಥನಾಮಂದಿರದಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಮನೆತನ, ಆಸ್ತಿ, ವಯಸ್ಸುಗಳನ್ನು ನೋಡಿ ಗೊತ್ತುಮಾಡುತ್ತಿದ್ದರು. ಹಾರ್ವರ್ಡ್ ವಿದ್ಯಾಶಾಲೆಯ ಪಟ್ಟಿಯಲ್ಲಿ ವಿದ್ಯಾರ್ಥಿಗಳ ಹೆಸರುಗಳು ಕೂಡ ಅಕ್ಷರಕ್ರಮದಲ್ಲಿರದೆ ಮನೆತನದ ಗೌರವವನ್ನನುಸರಿಸಿ ಇರುತ್ತಿದ್ದುವು. ದೇವರ ಎದುರಿನಲ್ಲಿಯೂ ಪಂಕ್ತಿಭೇದ, ವಿದ್ಯೆಯ ಎದುರಿನಲ್ಲಿಯೂ ಪಂಕ್ತಿಭೇದ!

1734ರಲ್ಲಿ ನಾರ್ಥಾಂಪ್ಟನ್ ಎಂಬ ಊರಿನಲ್ಲಿ ಜೊನಾಥನ್ ಎಡ್ವರ್ಡ್ಸನ ಉಪದೇಶದಿಂದ ಮೊದಲಾದ ಭಕ್ತಿಯ ಉಬ್ಬರವು, 1739ರಲ್ಲಿ ಇಂಗ್ಲೆಂಡಿನಿಂದ ಜಾರ್ಜ್ ವಿಟ್‌ಫೀಲ್ಡನು ಬಂದಮೇಲೆ ಪ್ರಾಂತದಿಂದ ಪ್ರಾಂತಕ್ಕೆ ಹರಿಯಿತು. 1740ರ ಅಕ್ಟೋಬರಿನ ಒಂದು ಬೆಳಗ್ಗೆ ಕನೆಕ್ಟಿಕಟ್ಟಿನ ನೇಥನ್ ಕೋಲ್ ಎಂಬ ರೈತನು ಹೊಲದಲ್ಲಿದ್ದಾಗ, ಆ ದಿನವೇ ಮಿಡಲ್‌ಟೌನಿನಲ್ಲಿ ವಿಟ್‌ಫೀಲ್ಡನ ಉಪದೇಶವೆಂಬ ಸುದ್ದಿ ಬಂದಿತು. ಕೈಯಲ್ಲಿದ್ದ ಹತಾರವನ್ನು ಅಲ್ಲಿಯೇ ಬಿಸುಟು, ಹೆಂಡತಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಧಾವಿಸಿದನು. ಕುದುರೆ ದಣಿದಾಗ ಇಳಿದು ಪಕ್ಕದಲ್ಲಿ ತಾನೇ ಓಡಿದನು. ದೂರದಲ್ಲಿ ನದಿಯ ಮೇಲಿನ ಮಂಜೆಂದು ಅವನು ತಿಳಿದದ್ದು, ಜನರು ಏರಿ ಬರುತ್ತಿದ್ದ ಕುದುರೆಗಳ ಧೂಳು. ಉಪದೇಶವನ್ನು ಕೇಳಿದ ಫಲವಾಗಿ ಅವನಿಗೆ ಒದಗಿದುದು ಸಂತೋಷವಲ್ಲ, ಸುಮಾರು ಎರಡು ವರ್ಷಗಳ ಅಂತರಂಗದ ತೊಳಲಾಟ. ಆದರೆ ಆ ತೊಳಲಾಟವು ಅವನ ಸ್ವಂತದ್ದು. ಯಾವ ಪಾದ್ರಿಯೂ ಯಾವ ಸಿರಿವಂತನೂ ಅವನಿಗಾಗಿ ಅದನ್ನು ಅನುಭವಿಸುವಂತಿರಲಿಲ್ಲ.

ವಿಟ್‌ಫೀಲ್ಡನು ಬೋಧಿಸಿದುದು ಎರಡನೆಯ ಹುಟ್ಟನ್ನು. ಅಂತರಂಗದಲ್ಲಿ ಹೊಸದಾಗಿ ಹುಟ್ಟದವನು ಪ್ರಾಂತಾಧಿಕಾರಿಯಾದರೇನು, ಕುದುರೆಯ ಆಳಾದರೇನು, ಪಾಪದಲ್ಲಿ ಇಬ್ಬರೂ ಸಮಾನರು. ನಮ್ಮಲ್ಲಿ ದ್ವಿಜನೆಂಬ ಮಾತಿಗೂ ಎರಡು ಸಲ ಹುಟ್ಟಿದವನೆಂದೇ ಅರ್ಥ. ಆದರೆ ಅಲ್ಲಿ ಎರಡನೆಯ ಹುಟ್ಟಿಗೆ ಮೊದಲನೆಯ ಹುಟ್ಟೇ ಅರ್ಹತೆ. ಇಲ್ಲಿ ಹಾಗಿರಲಿಲ್ಲ. ಗಿಲ್ಬರ್ಟ್ ಟೆನೆಂಟನು 1740ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ವಾನುಭವವಿಲ್ಲದ ಪಾದ್ರಿಯನ್ನು ಜನರು ಬಿಟ್ಟುಹೋಗಬಹುದೆಂದನು. ಓದುಬರಹವಿಲ್ಲದ ರೈತರು, ಹೆಂಗಸರು, ಆಫ್ರಿಕಾದ ಗುಲಾಮರು ಕೂಡ ಸಭೆಗಳಲ್ಲಿ ಎದ್ದುನಿಂತು ಮಾತನಾಡತೊಡಗಿದರು. ಬಾಸ್ಟನ್ನಿನ ಚಾರ್ಲ್ಸ್ ಚೌನ್ಸಿಯಂತಹ ಪಂಡಿತರು ಇದರಿಂದ ಬೆದರಿದರು. ಆ ಭಯವು ಪೂರ್ತಿಯಾಗಿ ನಿರಾಧಾರವಾದುದಲ್ಲ: 1743ರಲ್ಲಿ ಜೇಮ್ಸ್ ಡೇವನ್‌ಪೋರ್ಟನ ಅನುಯಾಯಿಗಳು ನ್ಯೂ ಲಂಡನ್ನಿನ ಬೀದಿಯಲ್ಲಿ ಗ್ರಂಥಗಳನ್ನು ರಾಶಿಹಾಕಿ ಸುಟ್ಟರು.

ಇನ್ನೊಂದು ಉತ್ತರಕ್ಕೆ ಬೆಂಜಮಿನ್ ಫ್ರಾಂಕ್ಲಿನನೇ ಸಾಕ್ಷಿ. ಬಾಸ್ಟನ್ನಿನಲ್ಲಿ ಮೇಣದಬತ್ತಿ, ಸಾಬೂನುಗಳನ್ನು ಮಾಡುತ್ತಿದ್ದವನ ಮಗನು. 1723ರಲ್ಲಿ ಅಣ್ಣನ ಅಚ್ಚುಕೂಟದಿಂದ ಓಡಿಹೋಗಿ ಫಿಲಡೆಲ್ಫಿಯಾ ಸೇರಿದನು. 1748ರ ಹೊತ್ತಿಗೆ, ನಲವತ್ತೆರಡನೆಯ ವಯಸ್ಸಿನಲ್ಲಿ, ದುಡಿಮೆಯಿಂದ ನಿವೃತ್ತನಾಗುವಷ್ಟು ಸಂಪಾದಿಸಿದ್ದನು. ಅವನ ಎರಡನೆಯ ಹುಟ್ಟು ಕಣ್ಣೀರಿನಿಂದ ಬಂದುದಲ್ಲ. ಓದು, ಮಿತವ್ಯಯ, ಗೆಳೆಯರ ಚರ್ಚಾಗೋಷ್ಠಿ, 1731ರಲ್ಲಿ ಸ್ಥಾಪಿಸಿದ ಚಂದಾ ಪುಸ್ತಕಭಂಡಾರ, ಇವುಗಳಿಂದ ಬಂದುದು.

ಈ ಇಬ್ಬರೂ ಸ್ನೇಹಿತರಾಗಿದ್ದರೆಂಬುದು ಆ ಕಾಲದ ಒಂದು ಸೊಗಸು. ಜಾರ್ಜಿಯಾದಲ್ಲಿ ಅನಾಥಾಲಯವನ್ನು ಕಟ್ಟಲು ವಿಟ್‌ಫೀಲ್ಡನು ಹಣವನ್ನು ಬೇಡುತ್ತಿದ್ದನು. ಸಾಮಗ್ರಿಯೂ ಕೆಲಸಗಾರರೂ ಇಲ್ಲದ ಕಡೆ ಕಟ್ಟುವುದಕ್ಕಿಂತ ಮಕ್ಕಳನ್ನೇ ಫಿಲಡೆಲ್ಫಿಯಾಕ್ಕೆ ತರುವುದು ಲೇಸೆಂದು ಫ್ರಾಂಕ್ಲಿನನು ಲೆಕ್ಕಹಾಕಿ, ಕಾಸೂ ಕೊಡೆನೆಂದು ನಿಶ್ಚಯಿಸಿ ಉಪದೇಶಕ್ಕೆ ಹೋದನು. ಮಾತು ಸಾಗುತ್ತ ಬಂದ ಹಾಗೆ ತಾಮ್ರವನ್ನು ಕೊಡೋಣವೆನ್ನಿಸಿತು, ಆಮೇಲೆ ಬೆಳ್ಳಿಯನ್ನು, ಕೊನೆಗೆ ಚಿನ್ನವೂ ಸೇರಿ ಜೇಬೇ ಬರಿದಾಯಿತು. ವಿಟ್‌ಫೀಲ್ಡನಿಗಾಗಿ 1740ರಲ್ಲಿ ಎದ್ದ ಸಭಾಗೃಹವನ್ನು ಯಾವ ಮತದ ಬೋಧಕನಿಗಾದರೂ ತೆರೆದಿಡಲಾಯಿತು. ಮುಂದೆ ಅದೇ ಕಟ್ಟಡದಲ್ಲಿ ಫ್ರಾಂಕ್ಲಿನನ ವಿದ್ಯಾಶಾಲೆ ನಡೆಯಿತು.

ಆದರೆ ಯಾವ ಅನಾಥಾಲಯಕ್ಕಾಗಿ ಆ ಜೇಬು ಬರಿದಾಯಿತೋ, ಅದನ್ನು ಗುಲಾಮರ ದುಡಿಮೆಯಿಲ್ಲದೆ ನಡೆಸಲಾಗದೆಂದು ವಿಟ್‌ಫೀಲ್ಡನೇ ವಾದಿಸಿದನು. ಜಾರ್ಜಿಯಾದಲ್ಲಿ ಗುಲಾಮಗಿರಿಗೆ 1735ರಿಂದ ನಿಷೇಧವಿದ್ದಿತು. 1751ರಲ್ಲಿ ಅದು ತೆರವಾಗುವಂತೆ ಒತ್ತಾಯಪಡಿಸಿದವರಲ್ಲಿ ಅವನೂ ಒಬ್ಬನು. ಗುಲಾಮರನ್ನು ಹಿಂಸಿಸುವ ಒಡೆಯರನ್ನು 1740ರಲ್ಲಿ ಬಹಿರಂಗ ಪತ್ರದಿಂದ ಖಂಡಿಸಿದವನೂ ಅವನೇ! ಎಡ್ವರ್ಡ್ಸನೂ ಗುಲಾಮರನ್ನು ಕೊಂಡಿದ್ದನು. ಫ್ರಾಂಕ್ಲಿನನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದುವು, ಅವನ ಮನೆಯಲ್ಲಿಯೂ ಗುಲಾಮರಿದ್ದರು.

ಇದನ್ನು ಬರಿಯ ಕಪಟವೆಂದು ಕೈತೊಳೆದುಕೊಂಡರೆ ವಿಚಾರವು ಅಲ್ಲಿಗೇ ನಿಂತುಹೋಗುತ್ತದೆ. ಎರಡು ಉತ್ತರಗಳಲ್ಲಿಯೂ ತಪ್ಪಿಸಿಕೊಳ್ಳಲು ಒಂದೊಂದು ಹಿಂಬಾಗಿಲಿದ್ದಿತು. ಆತ್ಮದ ಸಮಾನತೆಯನ್ನೇ ಸರ್ವಸ್ವವೆಂದವನಿಗೆ ದೇಹದ ದಾಸ್ಯವು ಸಣ್ಣ ವಿಷಯವಾಗಿ ಕಾಣಬಹುದು. ಗುಲಾಮನಿಗೂ ಮೋಕ್ಷವನ್ನು ಬೋಧಿಸಿದಮೇಲೆ ಅವನ ಋಣ ತೀರಿತೆಂದು ನೆಮ್ಮದಿ. ಸ್ವಪ್ರಯತ್ನವನ್ನೇ ನಂಬಿದವನಿಗೆ, ತಾನು ಏರಿದ ಏಣಿ ಎಲ್ಲರ ಮುಂದೆಯೂ ನಿಂತಿದೆಯೆಂದು ತೋರುತ್ತದೆ. ಏಣಿಯ ಹತ್ತಿರ ಸುಳಿಯಗೊಡದೆ ಕಟ್ಟಿಹಾಕಲ್ಪಟ್ಟವನು ಅವನ ಲೆಕ್ಕಕ್ಕೆ ಬರುವುದಿಲ್ಲ.

ಈ ಹಿಂಬಾಗಿಲನ್ನು ಮುಚ್ಚಿದವನು ಇವರಷ್ಟು ಪ್ರಸಿದ್ಧನಲ್ಲದ ಜಾನ್ ವುಲ್ಮನ್. ನ್ಯೂ ಜೆರ್ಸಿಯ ಕ್ವೇಕರ್ ಪಂಥದವನು, ಅಂಗಡಿಯೊಂದರಲ್ಲಿ ಗುಮಾಸ್ತನು. ಒಂದು ದಿನ ಧಣಿಯು ತನ್ನ ಆಫ್ರಿಕನ್ ದಾಸಿಯನ್ನು ಮಾರಿ, ಕ್ರಯಪತ್ರವನ್ನು ಬರೆಯೆಂದನು. ಬರೆದನು, ಆದರೆ ಮನಸ್ಸು ಒಪ್ಪಲಿಲ್ಲ, ಒಪ್ಪಲಿಲ್ಲವೆಂಬುದನ್ನು ಅವರೆದುರಿಗೇ ಹೇಳಿದನು. ಮುಂದೆ ಅಂತಹ ಪತ್ರಗಳನ್ನು ಬರೆಯಲು ನಿರಾಕರಿಸಿದನು. ಪ್ರಯಾಣದಲ್ಲಿ ಗುಲಾಮರ ಸೇವೆಯನ್ನು ಪಡೆಯಬೇಕಾಗಿ ಬಂದಾಗ ಅವರಿಗೆ ಹಣವನ್ನು ಕೊಡುತ್ತಿದ್ದನು. ತನ್ನ ಸ್ವಂತ ವ್ಯಾಪಾರವು ಬೆಳೆಯತೊಡಗಿದಾಗ ಅದನ್ನು ಬೇಕೆಂದೇ ಬಿಟ್ಟು ದರ್ಜಿಯ ಕೆಲಸದಿಂದ ಜೀವಿಸಿದನು. ಮೇಲೇರುವುದೇ ಪುರುಷಾರ್ಥವೆಂದು ಎಣಿಸಿದ್ದ ನಾಡಿನಲ್ಲಿ ಇದೊಂದು ವಿಚಿತ್ರ ನಡತೆಯೇ ಸರಿ. ಅವನು ತೀರಿಕೊಂಡುದು 1772ರಲ್ಲಿ. 1776ರಲ್ಲಿ ಫಿಲಡೆಲ್ಫಿಯಾದ ಕ್ವೇಕರರು ಗುಲಾಮರನ್ನಿಟ್ಟುಕೊಂಡವರಿಗೆ ತಮ್ಮಲ್ಲಿ ಸ್ಥಾನವಿಲ್ಲವೆಂದು ವಿಧಿಸಿದರು. ಫ್ರಾಂಕ್ಲಿನನೂ ಕೊನೆಗೆ, 1790ರಲ್ಲಿ ಸಾಯುವುದಕ್ಕೆ ಕೆಲವು ವಾರಗಳ ಮುಂಚೆ, ಗುಲಾಮಗಿರಿಯ ವಿರುದ್ಧದ ಬಿನ್ನವತ್ತಳೆಗೆ ಸಹಿಹಾಕಿ ಕಾಂಗ್ರೆಸ್ಸಿಗೆ ಕಳುಹಿಸಿದನು.

1770ರಲ್ಲಿ ವಿಟ್‌ಫೀಲ್ಡನು ತೀರಿಕೊಂಡಾಗ ಅವನ ಮೇಲೆ ಚರಮಗೀತೆಯನ್ನು ಬರೆದು ಹೆಸರುಗೊಂಡವಳು ಫಿಲಿಸ್ ವೀಟ್ಲಿ: 1761ರಲ್ಲಿ, ಏಳೆಂಟು ವರ್ಷದ ಹುಡುಗಿಯಾಗಿ, ಹಡಗಿನಿಂದ ಬಾಸ್ಟನ್ನಿನಲ್ಲಿ ಇಳಿದು ಮಾರಾಟವಾದವಳು. ಭಕ್ತಿಯೂ ವಿದ್ಯೆಯೂ ಒಬ್ಬಳಲ್ಲಿಯೇ ಕೂಡಿದ್ದುವು. 1773ರಲ್ಲಿ ಆಕೆಯ ಕವನಸಂಗ್ರಹವು ಲಂಡನ್ನಿನಲ್ಲಿ ಅಚ್ಚಾದಾಗ, ಅವು ಆಕೆಯೇ ಬರೆದುವೆಂದು ಜನರು ನಂಬುವುದಕ್ಕೋಸ್ಕರ ಬಾಸ್ಟನ್ನಿನ ಹದಿನೆಂಟು ಮಂದಿ ಗಣ್ಯರ ಪ್ರಮಾಣಪತ್ರವನ್ನು ಮೊದಲಿಗೆ ಸೇರಿಸಬೇಕಾಯಿತು. ಸಹಿಹಾಕಿದವರಲ್ಲಿ ಪ್ರಾಂತಾಧಿಕಾರಿಯಿದ್ದನು, ಹಿಂದೆ ಭಕ್ತಿಯ ಉಬ್ಬರಕ್ಕೆ ಬೆದರಿದ್ದ ಚೌನ್ಸಿಯಿದ್ದನು. ಆಕೆಯನ್ನು ಕೊಂಡಿದ್ದ ಯಜಮಾನನೂ ಇದ್ದನು.