ಉತ್ತರದ ಬೆಲೆ

ಜನರನ್ನು ರಂಜಿಸುವುದನ್ನು ಕೈಕೊಂಡವನು ಅವರ ಯಾವ ಆಸೆಯನ್ನು ಎಬ್ಬಿಸಿ ರಂಜಿಸಬಹುದು? ನಗಿಸುವವನಿಗೂ ಹಾಡುವವನಿಗೂ ಈ ಪ್ರಶ್ನೆಯು ಉಂಟು. ಪ್ರಶ್ನೆಗಳನ್ನು ಕೇಳಿಯೇ ರಂಜಿಸುವವನಿಗಂತೂ ಇದು ತಪ್ಪಿದ್ದಲ್ಲ. ಅವನು ತಿಳಿವಳಿಕೆಗೆ ಬೆಲೆ ಕಟ್ಟಬೇಕಾಗುತ್ತದೆ.

ಡಾ. ನಾ. ಸೋಮೇಶ್ವರರು ವೈದ್ಯರು, ಆರೋಗ್ಯ ವಿಷಯಕವಾದ ಗ್ರಂಥಗಳನ್ನು ಬರೆದವರು. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಅವರು ಆರಂಭಿಸಿದ ‘ಥಟ್ ಅಂತ ಹೇಳಿ’ ಮೂರು ಸಾವಿರಕ್ಕೂ ಮಿಕ್ಕ ಕಂತುಗಳನ್ನು ಕಂಡಿತು. ಸರಿಯಾದ ಉತ್ತರಕ್ಕೆ ಅಲ್ಲಿ ದೊರೆತದ್ದು ಪುಸ್ತಕ. ಇದಕ್ಕೆ ಎರಡು ವರ್ಷ ಮುಂಚೆ, 2000ದಲ್ಲಿ, ಅಮಿತಾಭ್ ಬಚ್ಚನ್ನರು ಹಿಂದಿಯಲ್ಲಿ ಉತ್ತರಕ್ಕೆ ಕೋಟಿ ರೂಪಾಯಿಯನ್ನು ಮುಂದಿಟ್ಟಿದ್ದರು. 2012ರಲ್ಲಿ ಪುನೀತ್ ರಾಜ್‌ಕುಮಾರರ ಮೂಲಕ ಆ ಕೋಟಿಯು ಕನ್ನಡಕ್ಕೂ ಬಂದಿತು.

ಸರಕಾರದ ವಾಹಿನಿಯಲ್ಲಿ ಹಣವಿಲ್ಲ, ಆದ್ದರಿಂದ ಪುಸ್ತಕ ಕೊಟ್ಟರು. ಬಡತನವನ್ನು ವ್ರತವೆಂದು ಹೊಗಳುವುದೇಕೆ ಎಂದು ಕೇಳುವವರು ಕೇಳಬಹುದು. ಆಕ್ಷೇಪವು ತಳ್ಳಿಹಾಕುವಂಥದಲ್ಲ. ಕೋಟಿಯನ್ನು ಗೆದ್ದವನ ಮನೆಯ ಸಾಲ ತೀರಿದರೆ ಅದನ್ನು ಹೀನವೆನ್ನುವ ಅಧಿಕಾರವು ಉಂಡು ಕುಳಿತವರಿಗೆ ಇಲ್ಲ. ಆದರೆ ಹಣದ ಆಟದಲ್ಲಿ ನೋಡುವವನ ಎದೆ ಬಡಿಯುವುದು ಉತ್ತರಕ್ಕಾಗಿಯಲ್ಲ, ಮೊತ್ತಕ್ಕಾಗಿ. ಮೊತ್ತವನ್ನು ತೆಗೆದುಬಿಟ್ಟರೂ ಜನರು ನೋಡುವರೇ ಎಂಬುದನ್ನು ಸೋಮೇಶ್ವರರು ಇಪ್ಪತ್ತು ವರ್ಷ ಪರೀಕ್ಷಿಸಿದರು, ಜನರು ನೋಡಿದರು. ಪುಸ್ತಕ ಕೊಡುವ ಕಟ್ಟಳೆ ವಾಹಿನಿಯದೇ ಆಗಿರಲಿ, ಅದರಲ್ಲಿ ನಾಚಿಕೆಪಡದೆ ಅಷ್ಟು ಕಾಲ ನಿಂತದ್ದು ಅವರದು.

ಸುಳ್ಯ ಸೀಮೆಯ ಕೊಲ್ಲಮೊಗ್ರಿನಂಥ ಘಟ್ಟದಡಿಯ ಊರಿನವರಿಗೆ ಇದು ವಿಚಿತ್ರವಾಗಿ ತೋರದು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಈ ಸೀಮೆಯಲ್ಲಿ ತಾಳಮದ್ದಳೆ ಕೂರುತ್ತದೆ: ವೇಷವಿಲ್ಲ, ಕುಣಿತವಿಲ್ಲ, ಪ್ರಶ್ನೆ ಮತ್ತು ಪ್ರತ್ಯುತ್ತರ ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ಕೇಳಲು ಅಡಕೆ ತೋಟದ ಕೆಲಸ ಮುಗಿಸಿ ಬಂದವರು ಏನನ್ನೂ ಗೆದ್ದುಕೊಂಡು ಹೋಗುವುದಕ್ಕೆ ಬಂದವರಲ್ಲ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ತಾಳಮದ್ದಳೆಯಲ್ಲಿ ವಾಲಿಯ ಒಂದು ಪ್ರಶ್ನೆಗೆ ರಾಮನು ಗಂಟೆಗಟ್ಟಲೆ ಉತ್ತರ ಕೊಟ್ಟಾನು, ಕೊಟ್ಟೂ ಸೋತಾನು. ‘ಥಟ್’ ಎಂಬಲ್ಲಿ ಆ ಅವಕಾಶವಿಲ್ಲ. ನೆನಪು ಗೆಲ್ಲುತ್ತದೆ, ವಿಚಾರವು ಹೊರಗೆ ನಿಲ್ಲುತ್ತದೆ. ಹಾಗೆ ಹೊರಗುಳಿದುದಕ್ಕೆ ಬೇಕಾದ ಹೊತ್ತು, ಗೆದ್ದವನು ಕೈಯಲ್ಲಿ ಹಿಡಿದು ಮನೆಗೆ ಒಯ್ದ ಆ ಪುಸ್ತಕದಲ್ಲಿಯೇ ಸಿಕ್ಕಬೇಕು, ಅದನ್ನು ಬಿಡಿಸಿ ಓದಿದನಾದರೆ.